ಹೊಕ್ಕುಳ ಕಂಬ

ಮನೆ ನನ್ನದು, ನೆಲ ತಮ್ಮನದು. ಅಪ್ಪ ಸಾಯುವ ಮೊದಲು ಇಮಾಮರನ್ನು ಎದುರಿಗೆ ಕೂರಿಸಿಕೊಂಡು ಹಾಗೇ ಹಂಚಿಕೊಟ್ಟಿದ್ದ. ನಮ್ಮ ಬೋನೆ ಕೊಲ್ಲಿಯ ದಂಡೆಯಲ್ಲಿ ಹೆಣ್ಣುಮಗಳಿಗೆ ಮನೆ, ಗಂಡುಮಗನಿಗೆ ನೆಲ ಮತ್ತು ದೋಣಿ ಕೊಡುವುದು ಹೊಸದೇನಲ್ಲ. ಕಂಬಗಳ ಮೇಲೆ ನಿಂತ ಮರದ ಮನೆಗೆ ಅಡಿಯ ನೆಲ ಯಾರದಾದರೇನು, ಒಡಹುಟ್ಟಿದವರು ಅದಕ್ಕೂ ಕಿತ್ತಾಡುತ್ತಾರೆಯೇ ಎಂದು ಅವನು ಅಂದುಕೊಂಡಿರಬೇಕು. ಪಾಪ, ಕಡಲಿನ ಸುಳಿಯೆಲ್ಲ ಗೊತ್ತಿದ್ದ ಮನುಷ್ಯನಿಗೆ ತನ್ನ ಮಗನ ಬುದ್ಧಿ ಮಾತ್ರ ಗೊತ್ತಿರಲಿಲ್ಲ.

ನನ್ನ ತಮ್ಮ ಪಲಲ್ಲೊ ಊರಿನ ದೊಡ್ಡ ದೋಣಿ ನಡೆಸುವ ತಂಡೇಲ. ಅವನ ಕೈಕೆಳಗೆ ದೋಣಿಯಲ್ಲಿ ದುಡಿಯುವ ಕಲಾಸಿಗಳೆಂದರೆ ಹೆಚ್ಚುಕಡಿಮೆ ಊರಿನ ಗಂಡಸರೆಲ್ಲ. ಆ ದಿನ ಬೆಳಿಗ್ಗೆ ನಾನು ಮೀನನ್ನು ಹೊಗೆಗೆ ಹಾಕುತ್ತಿದ್ದೆ. ಅವನು ಬಂದು ಏಣಿಯ ಬುಡದಲ್ಲಿ ನಿಂತ, ಮೇಲೆ ಹತ್ತಲಿಲ್ಲ. ಹುಟ್ಟಿದ ಮನೆಯ ಏಣಿ ಹತ್ತದೆ ಕೆಳಗೇ ನಿಂತವನ ಬಾಯಿಂದ ಒಳ್ಳೆಯ ಮಾತು ಬರುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

“ಅಕ್ಕ, ನೆಲ ಕೊಟ್ಬಿಟ್ಟೆ,” ಅಂದ.

“ಯಾವ ನೆಲ?”

“ಇದೇ. ಐಸ್ ಫ್ಯಾಕ್ಟರಿ ಹಾಕೋರಿಗೆ. ಊರಿಗೇ ಒಳ್ಳೇದು ಕಣೆ. ಇನ್ಮೇಲೆ ಹಿಡಿದ ಮೀನು ಕೆಡಲ್ಲ.”

“ಮೀನು ಕೆಡಲ್ಲ, ನಾನು ಕೆಟ್ಟೆನಲ್ಲೋ! ನಾನೆಲ್ಲಿಗೆ ಹೋಗ್ಲಿ? ಕಡಲಿಗೆ ಬೀಳ್ಲಾ?”

“ಭಾವನ ಪಾಲಿನ ಜಾಗ ಇದೆಯಲ್ಲ, ಮಸೀದಿ ಹಿಂದೆ. ಮನೆ ಎತ್ತಿಸ್ಕೊಂಡು ಅಲ್ಲಿಗೆ ಹೋಗು. ಮುಂದಿನ ಹುಣ್ಣಿಮೆ ಒಳಗೆ ಖಾಲಿ ಆಗ್ಬೇಕು.”

ಇಷ್ಟು ಹೇಳಿ ಬೆನ್ನು ತಿರುಗಿಸಿದ. ಕೈಯಲ್ಲಿದ್ದ ಮೀನನ್ನು ಬೀಸಿ ಎಸೆದೆ. ಸರಿಯಾಗಿ ಎರಡು ಹೆಗಲಿನ ನಡುವೆ ಬಿತ್ತು. ಅವನು ತಿರುಗಿಯೂ ನೋಡಲಿಲ್ಲ. ಒಳ್ಳೆಯ ಮೀನು ದಂಡವಾಯಿತು.

ಮನೆ ಎತ್ತಿಸುವುದು ನಮ್ಮಲ್ಲಿ ದೊಡ್ಡ ಸಂಗತಿಯಲ್ಲ. ಶುಕ್ರವಾರದ ನಮಾಜು ಮುಗಿದ ಮೇಲೆ ಮಸೀದಿಯ ಮೈಕಿನಲ್ಲಿ ಕೂಗಿಸಬೇಕು, ಮನೆಗೊಬ್ಬ ಗಂಡಸು ಬರುತ್ತಾನೆ. ಕಂಬಗಳಿಗೆ ಅಡ್ಡಡ್ಡ ಬಿದಿರು ಬಿಗಿದು, ಅದರಡಿ ಭುಜ ಕೊಟ್ಟು, ಊರಿನ ಹಿರಿಯ ಸುಡ್ಡಿಂಗ್ ಮಾಮ ಕೂಗು ಹಾಕಿದಂತೆ ಹೆಜ್ಜೆಯಿಟ್ಟು, ಇಡೀ ಮನೆಯನ್ನು ಹೊತ್ತೊಯ್ದು ಹೊಸ ಜಾಗದ ಕಲ್ಲುಗಳ ಮೇಲೆ ಇಳಿಸುತ್ತಾರೆ. ಕೂಲಿ ಗೀಲಿ ಏನಿಲ್ಲ. ಹೊಟ್ಟೆ ತುಂಬ ಅನ್ನ, ಹೂಮೀನಿನ ಸಾರು, ಬಾಳೆಹಣ್ಣಿನ ಕಡುಬು ಹಾಕಿದರೆ ಆಯಿತು. ಅಪ್ಪ ಎಷ್ಟು ಮನೆ ಹೊತ್ತಿದ್ದನೋ, ನನ್ನ ಗಂಡ ಎಷ್ಟು ಹೊತ್ತಿದ್ದನೋ, ಲೆಕ್ಕ ಇಟ್ಟವರಿಲ್ಲ. ಹಾಗಾಗಿ ಮೀನು ಎಸೆದ ಸಿಟ್ಟು ಇಳಿದ ಮೇಲೆ, ಹೋಗಲಿ, ಮನೆಯಂತೂ ನನ್ನದೇ, ಹೊತ್ತುಕೊಂಡು ಹೋದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಸೀದಾ ಹೋಗಿ ಇಮಾಮರಿಗೆ ಹೇಳಿ ಬಂದೆ.

ಶುಕ್ರವಾರ ಬೆಳಗಿನಿಂದ ಒಲೆಯ ಮುಂದೆ ಬೆಂದೆ. ದೊಡ್ಡ ಹಂಡೆಯ ತುಂಬ ಸಾರು ಕುದಿಸಿದೆ. ನಮಾಜು ಮುಗಿಯಿತು, ಇಮಾಮರು ಮೈಕಿನಲ್ಲಿ ನನ್ನ ಹೆಸರು ಹೇಳಿ ಕರೆದರು. “ಸುಹೇರಾಳ ಮನೆ ಎತ್ತೋದಿದೆ, ಭುಜ ಇದ್ದವರು ಬನ್ನಿ.” ಊರಿಗೆಲ್ಲ ಕೇಳಿಸಿತು. ನಾನು ತಲೆಗೆ ಒಳ್ಳೆಯ ವಸ್ತ್ರ ಹೊದ್ದು ಏಣಿಯ ಮೇಲೆ ನಿಂತೆ. ಬಂದದ್ದು ಎರಡು ಕೋಳಿ. ಅವೂ ನನ್ನವೇ. ಬಿಸಿಲು ಇಳಿಯಿತು, ಸಾರಿನ ಮೇಲೆ ಕೆನೆಗಟ್ಟಿತು, ಒಬ್ಬನೇ ಒಬ್ಬ ಗಂಡಸು ಬರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಹಂಡೆಯನ್ನು ತಳ್ಳುಗಾಡಿಯ ಮೇಲಿಟ್ಟು ದಂಡೆಗೆ ತಳ್ಳಿಕೊಂಡು ಹೋದೆ. ಬಲೆ ಕಟ್ಟುವ ಚಪ್ಪರದ ಕೆಳಗೆ ಎಲ್ಲರೂ ಕೂತಿದ್ದರು. ನನ್ನನ್ನು ಕಂಡಕೂಡಲೇ ಎಲ್ಲರ ಕಣ್ಣೂ ಬಲೆಯ ತೂತಿಗೆ ಇಳಿದವು.

“ಏನು ಮಾಮ, ಊರಲ್ಲಿ ಗಂಡಸರ ಭುಜಕ್ಕೆ ರೋಗ ಬಂದಿದೆಯಾ?” ಎಂದು ಸುಡ್ಡಿಂಗ್ ಮಾಮನನ್ನೇ ಕೇಳಿದೆ. ಅವನಿಗಿಂತ ಹಿರಿಯ ಕಲಾಸಿ ಊರಿನಲ್ಲಿ ಇನ್ನೊಬ್ಬನಿಲ್ಲ.

ಅವನು ಬೀಡಿಯನ್ನು ಮರಳಿಗೆ ಒತ್ತಿದ. “ಬೈಬೇಡ ಮಗಳೇ. ನಿನ್ನ ತಮ್ಮ ಹೇಳ್ಬಿಟ್ಟಿದಾನೆ. ಆ ಮನೆಗೆ ಭುಜ ಕೊಟ್ಟೋನು ಈ ಸಲ ದೋಣಿ ಹತ್ತೋ ಹಾಗಿಲ್ಲವಂತೆ. ನಮಗೂ ಹೆಂಡ್ತಿ ಮಕ್ಕಳಿದಾರೆ.”

“ಖಾಲಿ ಮಾಡು ಅನ್ನೋನೂ ಅವನೇ, ಹೊರಬೇಡಿ ಅನ್ನೋನೂ ಅವನೇನಾ?”

“ಅದನ್ನ ಅವನನ್ನೇ ಕೇಳು.”

“ಕೇಳ್ತೀನಿ. ನಿಮಗೆ ಅಂತ ಮಾಡಿದ್ದು, ನೀವು ತಿನ್ನಿ,” ಎಂದು ಅವರ ಕಾಲ ಬುಡದ ಮರಳಿಗೆ ಇಡೀ ಹಂಡೆಯನ್ನು ಕವುಚಿಬಿಟ್ಟೆ. ಸಾರು ಮರಳಿಗೆ ಇಂಗಿತು, ಮೀನಿನ ತುಂಡುಗಳು ಉಳಿದವು. ಎಲ್ಲಿದ್ದವೋ ಊರಿನ ನಾಯಿಗಳೆಲ್ಲ ಓಡಿಬಂದವು. ಗಂಡಸರು ಕಾಲು ಮೇಲೆತ್ತಿಕೊಂಡು ಕೂತರು.

ಮರುದಿನ ಉತ್ತರ ತಾನಾಗಿಯೇ ನಡೆದು ಬಂತು. ಪಲಲ್ಲೊನ ಹೆಂಡತಿ ಜೊಹೊರಾ ಬಾಳೆಹಣ್ಣಿನ ಚಿಪ್ಪು ಹಿಡಿದು ಏಣಿ ಹತ್ತಿದಳು. ಅವಳು ಹಣ್ಣು ತಂದಳೆಂದರೆ ಏನೋ ಒಯ್ಯಲು ಬಂದಿದ್ದಾಳೆ ಎಂದೇ ಲೆಕ್ಕ. ಕೂತವಳ ಕಣ್ಣು ನನ್ನ ಮೇಲಿರಲಿಲ್ಲ. ಮನೆಯ ನಡುವಿನ ಹೊಕ್ಕುಳ ಕಂಬದ ಮೇಲಿತ್ತು.

ಮನೆ ಕಟ್ಟುವಾಗ ಮೊಟ್ಟಮೊದಲು ನಿಲ್ಲಿಸುವ ಕಂಬ ಅದು. ನನ್ನ ಅಕ್ಕಿಯ ಗುಡಾಣ, ನೀರಿನ ಗಡಿಗೆ ಎರಡೂ ಅದಕ್ಕೆ ಒರಗಿಕೊಂಡೇ ಇವೆ. ಅಮ್ಮ ನನ್ನನ್ನು ಹೆತ್ತದ್ದು ಆ ಕಂಬ ಹಿಡಿದುಕೊಂಡು, ಪಲಲ್ಲೊನನ್ನು ಹೆತ್ತದ್ದೂ ಹಾಗೇ. ಎಲ್ಲರ ಮನೆಯಲ್ಲೂ ಮಾಡುವಂತೆ ನಮ್ಮಿಬ್ಬರ ಮಾಸನ್ನೂ ಕುಡಿಕೆಯಲ್ಲಿಟ್ಟು ಕಂಬದ ಬುಡದ ಕಲ್ಲಿನ ಪಕ್ಕ ಹೂತಿದ್ದರು. ಮೀನಿನ ಕಾಲ ಶುರುವಾಗುವ ದಿನ ತಂಡೇಲನಾದವನು ಹುಟ್ಟಿದ ಮನೆಗೆ ಬಂದು, ಆ ಕಂಬ ತಬ್ಬಿ ಹಣೆ ಒತ್ತಿ, ಮನೆಯ ಹೆಂಗಸು ಕೊಟ್ಟ ನೀರು ಕುಡಿದು ಹೋಗಬೇಕು. ಹಾಗೆ ಮಾಡದವನ ದೋಣಿಯ ಹಗ್ಗವನ್ನು ಯಾವ ಕಲಾಸಿಯೂ ಬಿಚ್ಚುವುದಿಲ್ಲ.

“ಅತ್ತಿಗೆ, ಮನೆ ನೀವೇ ಇಟ್ಕೊಳ್ಳಿ, ಯಾರು ಬೇಡ ಅಂದ್ರು,” ಎಂದಳು ಜೊಹೊರಾ. “ಕಂಬ ಒಂದು ಕೊಟ್ಬಿಡಿ. ನಮ್ಮ ಹೊಸ ಮನೆ ಸಿಮೆಂಟಿಂದು, ಅದಕ್ಕೆ ಹೊಕ್ಕುಳ ಅನ್ನೋದೇ ಇಲ್ಲ. ಇವರು ವರ್ಷವರ್ಷವೂ ಬಂದು ನಿಮ್ಮ ಮುಂದೆ ಕೈಚಾಚಿ ನಿಲ್ಲೋಕಾಗುತ್ತಾ? ಕಂಬ ಕೊಟ್ಟ ದಿನವೇ ಕಲಾಸಿಗಳೆಲ್ಲ ಬಂದು ಮನೆ ಹೊತ್ಕೊಂಡು ಹೋಗ್ತಾರೆ. ನಿಮಗೆ ಬೇರೆ ಕಂಬ ಹಾಕಿಸ್ಕೊಡ್ತೀವಿ. ತೇಗದ್ದು.”

“ಓಹೋ! ಹಾಗಾದ್ರೆ ಒಂದು ಕೆಲಸ ಮಾಡು. ನಿನ್ನ ಗಂಡನ್ನ ಕಳಿಸು, ಹೊಕ್ಕುಳ ಕಿತ್ಕೊಂಡು ಬೇರೆ ಹಾಕಿಸ್ಕೊಡ್ತೀನಿ. ತೇಗದ್ದೇ.”

“ಏನು ಮಾತು ಅಂತ ಆಡ್ತೀರಿ ಅತ್ತಿಗೆ!”

ಅಷ್ಟರಲ್ಲಿ ನೆಲದ ಬಿದಿರಿನ ದಬ್ಬೆಗಳ ಸಂದಿಯಿಂದ ಕೆಮ್ಮು ಕೇಳಿಸಿತು. ಬಗ್ಗಿ ನೋಡಿದರೆ ನಮ್ಮ ತಂಡೇಲರು ಮನೆಯಡಿಯಲ್ಲಿ ಕೋಳಿಗಳ ಜೊತೆ ನಿಂತು ಕಿವಿ ಕೊಟ್ಟಿದ್ದಾರೆ!

“ಕೊಡ್ತೀಯೋ ಇಲ್ಲವೋ ಹೇಳಕ್ಕ,” ಎಂದು ಕೆಳಗಿನಿಂದಲೇ ಕೂಗಿದ. “ಅಪ್ಪ ನಿಂಗೆ ಕೊಟ್ಟಿದ್ದು ಮನೆ. ಕಂಬ ನಿಂತಿರೋದು ನನ್ನ ನೆಲದ ಮೇಲೆ. ನೆಲದ ಮೇಲಿರೋದೆಲ್ಲ ನೆಲದವನದು, ನೆಲದೊಳಗಿರೋದೂ ನೆಲದವನದೇ. ಹುಣ್ಣಿಮೆವರೆಗೂ ನೋಡ್ತೀನಿ, ಆಮೇಲೆ ಗರಗಸ ತರ್ತೀನಿ.”

ಮೀನು ತೊಳೆದ ನೀರಿನ ಬೋಗುಣಿ ನನ್ನ ಪಕ್ಕದಲ್ಲೇ ಇತ್ತು. ಅವನ ನೆತ್ತಿ ಕಾಣುವ ಸಂದಿ ನೋಡಿ ಸುರಿದೆ. ಅವನು ಬೈದ ಬೈಗುಳವನ್ನು ಇಲ್ಲಿ ಹೇಳುವುದಿಲ್ಲ. ಅಮ್ಮ ಇದ್ದಿದ್ದರೆ ನಾಲಿಗೆಗೆ ಮೆಣಸಿನಕಾಯಿ ತಿಕ್ಕುತ್ತಿದ್ದಳು. ಜೊಹೊರಾ ಬಾಳೆಹಣ್ಣನ್ನು ವಾಪಸು ಎತ್ತಿಕೊಂಡೇ ಇಳಿದು ಹೋದಳು.

ಆಮೇಲಿನ ದಿನಗಳಲ್ಲಿ ಊರಿನ ಹೆಂಗಸರು ನನ್ನ ಜೊತೆ ಮಾತು ಬಿಟ್ಟರು. ಬಾವಿಕಟ್ಟೆಗೆ ನಾನು ಹೋದರೆ ಕೊಡ ಎತ್ತಿಕೊಂಡು ಸರಿಯುತ್ತಿದ್ದರು. “ಒಂದು ಮರದ ತುಂಡಿಗೋಸ್ಕರ ದೋಣಿ ನಿಲ್ಲಿಸಿ ಊರಿನ ಒಲೆ ಆರಿಸ್ತಾಳಂತೆ,” ಎಂದು ನನಗೆ ಕೇಳುವಂತೆಯೇ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ನನ್ನ ಏಣಿಯ ಬುಡದಲ್ಲಿ ಯಾರೋ ಮೀನಿನ ಕರುಳು ಸುರಿದು ಹೋಗಿದ್ದರು. ನಾನು ಅದನ್ನು ಬುಟ್ಟಿಗೆ ತುಂಬಿ, ಯಾರು ಸುರಿದರು ಎಂದು ವಿಚಾರಿಸುವ ಗೋಜಿಗೇ ಹೋಗದೆ, ಸಾಲಿನ ಎಲ್ಲ ಮನೆಗಳ ಏಣಿಗೂ ಒಂದೊಂದು ಹಿಡಿ ಹಂಚಿ ಬಂದೆ. ನನಗೂ ಹಟ ಬಂದಿತ್ತು. ಆದರೆ ಒಳಗೊಳಗೆ ಹೆದರಿಕೆಯೂ ಇತ್ತು. ಗಂಡ ಸತ್ತವಳು, ಮಕ್ಕಳಿಲ್ಲದವಳು. ಈ ಮನೆ ಹೋದರೆ ನನ್ನದು ಎನ್ನುವುದಕ್ಕೆ ಹೊಗೆ ಹಿಡಿದ ಮಡಕೆ ಬಿಟ್ಟರೆ ಇನ್ನೇನಿತ್ತು? ಕಂಬ ಕೊಟ್ಟು ಮನೆ ಉಳಿಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಹೊಕ್ಕುಳಿಲ್ಲದ ಮನೆ ಸೌದೆಯ ರಾಶಿ. ಅದರಲ್ಲಿ ನಾನು ಮಲಗಲಾರೆ.

ಹುಣ್ಣಿಮೆಯ ಹಿಂದಿನ ದಿನ ಪಲಲ್ಲೊ ದೋಣಿ ಕಟ್ಟುವವರ ಹತ್ತಿರ ಉದ್ದನೆಯ ಗರಗಸ ಎರವಲು ತಂದನೆಂದು ಸುದ್ದಿ ಬಂತು. ನಾನು ಕೂತು ಯೋಚಿಸಿದೆ. ಹೊಕ್ಕುಳ ಕಂಬವನ್ನು ಕೊಯ್ಯಲೇಬಾರದು ಎಂದೇನಿಲ್ಲ. ವಂಶ ಅಳಿದ ಮನೆಯ ಕಂಬ ಕೊಯ್ಯುತ್ತಾರೆ. ಆದರೆ ಮೊದಲು ಆ ಮನೆಯ ಕೊನೆಯ ಹೆಣ ಹೊರಗೆ ಹೋಗಿರಬೇಕು. ಹೆಣ ಒಳಗಿರುವಾಗ ಗರಗಸ ಹಚ್ಚಿದವನ ಕೈ ನೀರನ್ನು ಸಾಯುವವರೆಗೂ ಯಾರೂ ಮುಟ್ಟುವುದಿಲ್ಲ. ಯೋಚಿಸುತ್ತಾ ಹೋದಂತೆ ನನಗೇ ನಗು ಬಂತು.

ಮರುದಿನ ಬಿಸಿಲೇರುವ ಹೊತ್ತಿಗೆ ಅವರು ಬಂದರು. ಕಲಾಸಿಗಳ ದಂಡೇ ಬಂದಿತ್ತು. ಪಲಲ್ಲೊ ಅವತ್ತೂ ಏಣಿ ಹತ್ತಲಿಲ್ಲ. “ಹೋಗ್ರೋ, ಕೊಯ್ದು ಇಳಿಸಿ,” ಎಂದು ಇಬ್ಬರ ಕೈಗೆ ಗರಗಸ ಕೊಟ್ಟು ಮೇಲೆ ಕಳಿಸಿದ. ಹತ್ತಿ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

ನಾನು ನಮಾಜಿನ ಬಿಳಿ ನಿಲುವಂಗಿ ತೊಟ್ಟು, ತಲೆ ಉತ್ತರಕ್ಕೆ ಹಾಕಿ, ಕಂಬದ ಪಕ್ಕ ಉದ್ದಕ್ಕೆ ಮಲಗಿದ್ದೆ. ಒಂದು ಕೈ ಕಂಬವನ್ನು ಬಳಸಿತ್ತು. ಮೂಗಿಗೆ ಹತ್ತಿ ಇಟ್ಟುಕೊಳ್ಳೋಣ ಅಂದುಕೊಂಡಿದ್ದೆ, ಉಸಿರಾಡಬೇಕಲ್ಲ ಎಂದು ಬಿಟ್ಟಿದ್ದೆ.

“ಮಾಮ, ಇಲ್ಲಿ ಬಾ, ಸುಹೇರಕ್ಕ…” ಎಂದು ಒಬ್ಬ ತೊದಲಿದ.

ಸುಡ್ಡಿಂಗ್ ಮಾಮ ಏಣಿ ಹತ್ತಿ ಬಂದು ಬಗ್ಗಿ ನೋಡಿದ. “ಏನೇ ಇದು ಮಗಳೇ?”

“ಸತ್ತಿದೀನಿ,” ಅಂದೆ. “ಕಂಬ ಕೊಯ್ಯೋಕೆ ಬಂದಿದೀರಲ್ಲ, ಹಾಗಾದ್ರೆ ಮನೆ ಸತ್ತಿರಬೇಕು, ನಾನೂ ಸತ್ತಿರಬೇಕು. ಮೊದಲು ನನ್ನ ಹೊತ್ಕೊಂಡು ಹೋಗಿ, ಆಮೇಲೆ ಗರಗಸ ಹಚ್ಚಿ. ಹೆಣ ಹೊರೋದು ಬೇಡ ಅಂತ ನಿಮ್ಮ ತಂಡೇಲ ಹೇಳಿಲ್ಲ ತಾನೆ?”

ದಬ್ಬೆಯ ಸಂದಿಯಿಂದ ಪಲಲ್ಲೊ ಗುಡುಗಿದ. “ಅವಳ ನಾಟಕ ನೋಡ್ತಾ ನಿಂತಿದೀರೇನೋ! ಸತ್ತೋಳು ಮಾತಾಡ್ತಾಳಾ?”

“ನಿನ್ನಕ್ಕ ಸತ್ತರೂ ಬಾಯಿ ಮುಚ್ಚಲ್ಲ ಅಂತ ಊರಿಗೇ ಗೊತ್ತಲ್ಲಪ್ಪ,” ಎಂದ ಸುಡ್ಡಿಂಗ್ ಮಾಮ.

ಕೆಳಗೆ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬ. ಅಷ್ಟು ದಿನ ನನ್ನ ಮುಖ ನೋಡಲು ನಾಚಿ ಬಲೆಯ ತೂತು ನೋಡುತ್ತಿದ್ದವರೆಲ್ಲ ಒಟ್ಟಿಗೆ ನಕ್ಕರು. ನನ್ನ ಮೇಲಿನ ಪ್ರೀತಿಯಿಂದಲ್ಲ, ಅದು ನನಗೆ ಗೊತ್ತು. ಆ ಗರಗಸ ಹಿಡಿಯುವುದು ಅವರಲ್ಲಿ ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಒಬ್ಬೊಬ್ಬ ತಾಯಿ, ಎಲ್ಲರಿಗೂ ಒಂದೊಂದು ಕಂಬ. ತಪ್ಪಿಸಿಕೊಳ್ಳಲು ಒಂದು ನೆಪ ಸಿಕ್ಕಿದರೆ ಸಾಕಾಗಿತ್ತು.

ಸುಡ್ಡಿಂಗ್ ಮಾಮ ಬಾಗಿಲಲ್ಲಿ ನಿಂತು ಕೆಳಗೆ ನೋಡಿದ. “ಪಲಲ್ಲೊ, ಮನೆ ಹೊರಬೇಡಿ ಅಂದೆ, ಹೊರಲಿಲ್ಲ. ದೋಣಿ ನಿಂದು. ಆದ್ರೆ ಹೆಣಕ್ಕೆ ಭುಜ ಕೊಡೋನನ್ನ ತಡೆಯೋ ತಂಡೇಲ ಈ ದಂಡೇಲಿ ಹುಟ್ಟಿಲ್ಲ. ನಾಳೆ ನಿನ್ನ ಹೊರೋಕೂ ನಾವೇ ಬರ್ಬೇಕು, ನೆನಪಿರಲಿ.”

“ಹಾಗಾದ್ರೆ ಅವಳನ್ನ ಚಾಪೇಲಿ ಸುತ್ಕೊಂಡು ಇಳಿಸ್ರೋ!”

“ಹೆಣ ಕಂಬ ಹಿಡ್ಕೊಂಡಿದೆಯಪ್ಪ, ಬಿಡ್ತಿಲ್ಲ. ಕಂಬದ ಸಮೇತ ಹೊರಬೇಕು. ಕಂಬಕ್ಕೆ ಮನೆ ಅಂಟ್ಕೊಂಡಿದೆ, ಏನು ಮಾಡೋಣ?” ಎಂದವನೇ ದನಿ ಎತ್ತಿದ. “ಬಿದಿರು ತನ್ರೋ!”

ಬಿದಿರು ಬಂತು, ಹಗ್ಗ ಬಂತು. ಪಲಲ್ಲೊ ಒಬ್ಬೊಬ್ಬನ ಹೆಸರು ಹಿಡಿದು ಕೂಗಾಡಿದ, ದೋಣಿ ಮರೆತುಬಿಡಿ ಎಂದ. ಎಲ್ಲರನ್ನೂ ಬಿಟ್ಟರೆ ದೋಣಿ ನಡೆಸುವವರು ಯಾರು? ಅದು ಅವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಸುಡ್ಡಿಂಗ್ ಮಾಮ ಕೂಗು ಹಾಕಿದ, ಕೆಳಗಿನಿಂದ ಊರಿಗೆ ಊರೇ ದನಿಗೂಡಿಸಿತು. ಮನೆ ಒಮ್ಮೆ ನರಳಿತು, ನನ್ನ ಬೆನ್ನಿನಡಿಯ ದಬ್ಬೆಗಳು ಅಲುಗಿದವು. ಗಡಿಗೆಯ ನೀರು ತುಳುಕಿ ನನ್ನ ಮುಖದ ಮೇಲೆ ಬಿತ್ತು. ನಾನು ನೆಲ ಬಿಟ್ಟು ಮೇಲೆದ್ದಿದ್ದೆ.

ದಾರಿಯುದ್ದಕ್ಕೂ ಅವರು ನನ್ನನ್ನು ಬೈದರು. “ಹಾಳು ಹೆಣ ಎಷ್ಟು ಭಾರ,” ಅಂದರು. “ನಾಲಿಗೇದೇ ತೂಕ ಕಣೋ,” ಅಂದರು. ನಾನು ಕಂಬವನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದೆ. ಎಷ್ಟು ತಡೆದರೂ ಅಳು ಬಂತು. ಹೆಣ ಅಳಬಾರದೆಂದು ತುಟಿ ಕಚ್ಚಿಕೊಂಡೆ.

ಮಸೀದಿಯ ಹಿಂದೆ, ನನ್ನ ಗಂಡನ ತೆಂಗಿನ ಮರಗಳ ನಡುವೆ ಮನೆಯನ್ನು ಇಳಿಸಿದರು. ನಾನು ಎದ್ದು ಚಹಾ ಕಾಯಿಸಿ ಕೊಟ್ಟೆ.

“ಬರೀ ಚಹಾನಾ? ಸಾರೆಲ್ಲಿ?” ಎಂದ ಒಬ್ಬ.

“ನಾಯಿಗಳನ್ನ ಕೇಳು,” ಅಂದೆ.

ಸಂಜೆ ಒಬ್ಬಳೇ ಹಾರೆ ಹಿಡಿದು ಹಳೆಯ ಜಾಗಕ್ಕೆ ಹೋದೆ. ಮನೆಯಿಲ್ಲದ ಮೇಲೆ ಆ ನೆಲ ಎಷ್ಟು ಚಿಕ್ಕದಾಗಿ ಕಂಡಿತು! ಬರೀ ಕಲ್ಲುಗಳು, ಒಡೆದ ಮಡಕೆ ಚೂರು. ನನ್ನ ಕೋಳಿಗಳು ಮನೆ ಹುಡುಕಿಕೊಂಡು ಸುತ್ತುತ್ತಿದ್ದವು. ನಡುವಿನ ಕಲ್ಲಿನ ಪಕ್ಕ ಅಗೆದೆ. ಹಾರೆಗೆ ಕುಡಿಕೆ ತಾಗಿತು, ಅದರ ಪಕ್ಕದಲ್ಲಿ ಇನ್ನೊಂದು. ಹೆಣ್ಣುಮಗುವಿನ ಕುಡಿಕೆಯಲ್ಲಿ ಸೂಜಿ ಇಡುತ್ತಾರೆ, ಗಂಡುಮಗುವಿನದರಲ್ಲಿ ಗಾಳದ ಕೊಕ್ಕೆ. ಸೂಜಿಯಿದ್ದದ್ದನ್ನು ಸೆರಗಿಗೆ ಕಟ್ಟಿಕೊಂಡೆ. ಕೊಕ್ಕೆಯಿದ್ದದ್ದನ್ನು ಕೈಯಲ್ಲಿ ಹಿಡಿದು ಕೂತೆ. ಗರಗಸ ಹಿಡಿದು ಬಂದವನಿಗೆ ತನ್ನ ಕುಡಿಕೆ ನೆನಪೇ ಆಗಿರಲಿಲ್ಲ. ಕಂಬ ಬೇಕು, ಕಂಬ ಬೇಕು ಎಂದು ಕುಣಿದವನು ಕಂಬದ ಬುಡದಲ್ಲಿದ್ದದ್ದನ್ನು ನೆಲದ ಜೊತೆಗೇ ಮಾರಿದ್ದ. ಥೂ ನಿನ್ನ, ಎಂದು ಜೋರಾಗಿಯೇ ಬೈದೆ. ಆಮೇಲೆ ಗುಂಡಿ ಮುಚ್ಚಿ ಬಂದೆ.

ಫ್ಯಾಕ್ಟರಿಯವರು ತಡಮಾಡಲಿಲ್ಲ. ಮರಳು ಬಂತು, ಸಿಮೆಂಟು ಬಂತು, ನೋಡುನೋಡುತ್ತಿದ್ದಂತೆ ನೆಲವೆಲ್ಲ ಗಟ್ಟಿ ಹಾಸಾಯಿತು. ಸಿಮೆಂಟು ಒಣಗಿದ ಮೇಲೆ ತಂಡೇಲರಿಗೆ ನೆನಪಾಯಿತು! ಅಥವಾ ಜೊಹೊರಾ ನೆನಪಿಸಿದಳೋ. ಓಡಿಬಂದು ನನ್ನ ಏಣಿಯ ಬುಡದಲ್ಲಿ ನಿಂತ. ಮುಖ ಬೂದಿ ಬಡಿದಂತಾಗಿತ್ತು.

“ಅಕ್ಕ, ಅಮ್ಮ ಹೂತಿದ್ದ ಕುಡಿಕೆಗಳು…”

“ನಂದು ತಂದ್ಕೊಂಡೆ.”

“ನಂದು?”

“ನಿಂದು ನಿನ್ನ ನೆಲದಲ್ಲಿತ್ತು. ನೆಲದೊಳಗಿರೋದೂ ನೆಲದವನದೇ ಅಂದಿದ್ದೆಯಲ್ಲ. ಮಾರಿದೋನು ನೀನು, ನನ್ನ ಯಾಕೆ ಕೇಳ್ತೀಯ?”

ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಹತ್ತುತ್ತಾನೆ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಅವನು ಹತ್ತಿ ಬಂದು ಎದುರಿಗೆ ಕೂತಿದ್ದರೆ ನೀರು ಕೊಟ್ಟು ಎಲ್ಲ ಹೇಳಿಬಿಡುತ್ತಿದ್ದೆ. ಆದರೆ ಅವನು ಕಾಲು ಹಿಂದೆ ತೆಗೆದ.

“ನೀನು ಅಕ್ಕ ಅಲ್ಲ, ಶನಿ,” ಎಂದು ಉಗಿದು ಹೊರಟುಹೋದ.

ಈಗ ಮೀನಿನ ಕಾಲ ಶುರುವಾದಾಗ ಪಲಲ್ಲೊ ಐಸ್ ಫ್ಯಾಕ್ಟರಿಯ ಹಿಂದಿನ ಗೋಡೆಗೆ ಹೋಗಿ ಹಣೆ ಒತ್ತುತ್ತಾನೆ. ಅವನ ಹೊಕ್ಕುಳು ಅದರಡಿಯಲ್ಲಿದೆ ಎಂದು ಕಲಾಸಿಗಳು ಒಪ್ಪಿಕೊಂಡಿದ್ದಾರೆ. ಹಣೆಗೆ ಸುಣ್ಣ ಮೆತ್ತಿಕೊಂಡು ಅವನು ದೋಣಿಗೆ ಇಳಿಯುವಾಗ ಕಾವಲುಗಾರ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಾನೆ. ನನ್ನ ಬಾಗಿಲಿನಿಂದ ಎಲ್ಲವೂ ಕಾಣುತ್ತದೆ. ನಾನೂ ನಗುತ್ತೇನೆ.

ಆಮೇಲೆ ಒಂದು ಚೊಂಬು ನೀರು ತುಂಬಿಕೊಂಡು ಮನೆಯಡಿಗೆ ಇಳಿದು, ಹೊಕ್ಕುಳ ಕಂಬದ ಬುಡದಲ್ಲಿ ಎರಡು ಕಡೆ ಸುರಿಯುತ್ತೇನೆ. ಒಂದು ನನ್ನ ಕುಡಿಕೆಗೆ, ಇನ್ನೊಂದು ಅದರ ಪಕ್ಕದಲ್ಲಿರುವ ಅವನ ಕುಡಿಕೆಗೆ. ಅಂದು ಸಂಜೆ ನಾನು ಎರಡನ್ನೂ ತಂದಿದ್ದೆ. ಅವನಿಗೋಸ್ಕರ ಅಲ್ಲ, ಅಮ್ಮನ ಕೈಯಿಂದ ಹೂತದ್ದು ಎಂದು. ದೋಣಿ ದಿಗಂತ ದಾಟುವವರೆಗೆ ಅಲ್ಲೇ ನಿಂತಿರುತ್ತೇನೆ. ಅವನಿಗೆ ಹೇಳುವುದಿಲ್ಲ, ಊರಿನಲ್ಲಿ ಇನ್ನಾರಿಗೂ ಹೇಳಿಲ್ಲ. ಹತ್ತಿ ಬಂದು, ಅಕ್ಕ ಎಂದು ಕರೆದು, ನೀರು ಕೇಳಲಿ. ಏಣಿಯನ್ನು ನಾನೇನೂ ಎಳೆದುಕೊಂಡಿಲ್ಲ, ಅಲ್ಲೇ ಇದೆ.